ಸಹಾಯ ಬೇಕು: ಸ್ಲೀಪ್‌ನಿಂದ ಡೆಸ್ಕ್‌ಟಾಪ್ ಎದ್ದರೂ ಮಾನಿಟರ್ ಏಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ವಿಂಡೋಸ್ 11 ಇರುವ ನಮ್ಮ ಮನೆಯ ಡೆಸ್ಕ್‌ಟಾಪನ್ನು ಸ್ಲೀಪ್‌ನಿಂದ ಎಬ್ಬಿಸಿದಾಗ ಫ್ಯಾನ್ ತಿರುಗುತ್ತದೆ, ಕೀಬೋರ್ಡಿನ ದೀಪ ಹೊತ್ತಿಕೊಳ್ಳುತ್ತದೆ, ಆದರೆ ಡಿಸ್‌ಪ್ಲೇಪೋರ್ಟ್ ಮೂಲಕ ಜೋಡಿಸಿರುವ ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಎಂದು ತೋರಿಸಿ ಕಪ್ಪಾಗಿಬಿಡುತ್ತದೆ. ಮಾನಿಟರಿನ ಪವರ್ ಕೇಬಲ್ ತೆಗೆದು ಮತ್ತೆ ಹಾಕಿದರೆ ಚಿತ್ರ ಮರಳುತ್ತದೆ. ಎಚ್‌ಡಿಎಂಐ ಬಳಸಿದಾಗ ಈ ತೊಂದರೆಯೇ ಇಲ್ಲವಾದ್ದರಿಂದ, ಕಂಪ್ಯೂಟರ್ ಸರಿಯಾಗಿಯೇ ಏಳುತ್ತಿದೆ ಎಂದು ನನಗನಿಸುತ್ತದೆ.

ಗ್ರಾಫಿಕ್ಸ್ ಡ್ರೈವರನ್ನು ಹೊಸದಾಗಿ ಹಾಕಿದ್ದೇನೆ, ಪವರ್ ಆಪ್ಷನ್ಸ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ನ (ಗ್ರಾಫಿಕ್ಸ್ ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಸಂಪರ್ಕ) ವಿದ್ಯುತ್ ಉಳಿತಾಯವನ್ನೂ ಆಫ್ ಮಾಡಿದ್ದೇನೆ, ಫಲ ಸಿಗಲಿಲ್ಲ.

ಮಾನಿಟರ್ ಆಳವಾದ ಸ್ಲೀಪ್‌ಗೆ ಹೋದಾಗ ತಾನಿರುವುದನ್ನು ತಿಳಿಸುವ ಹಾಟ್ ಪ್ಲಗ್ ಸಂಕೇತವನ್ನೇ ನಿಲ್ಲಿಸಿದರೆ, ಕೇಬಲ್ ಕಳಚಿದೆ ಎಂದು ಗ್ರಾಫಿಕ್ಸ್ ಕಾರ್ಡ್ ಭಾವಿಸುವ ಸಾಧ್ಯತೆಯಿದೆ. ‘ಡೀಪ್ ಸ್ಲೀಪ್’ ನಿಲ್ಲಿಸುವ ಆಯ್ಕೆ ಕೆಲವು ಮಾನಿಟರುಗಳ ಮೆನುವಿನಲ್ಲಿರುತ್ತದೆ, ನಮ್ಮದರಲ್ಲಿ ಕಾಣುತ್ತಿಲ್ಲ. ಕೇಬಲ್ ಮೇಲೂ ಅನುಮಾನವಿದೆ. ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲಿ 3.3 ವೋಲ್ಟ್‌ನ 20ನೇ ಪಿನ್ ಎರಡೂ ತುದಿಗಳನ್ನು ಸೇರಿಸಬಾರದು ಎಂಬ ನಿಯಮವಿದ್ದರೂ ಕಳಪೆ ಕೇಬಲ್‌ಗಳಲ್ಲಿ ಅದನ್ನು ಸೇರಿಸಿರುತ್ತಾರೆ, ಇದರಿಂದ ವಿಚಿತ್ರ ತೊಂದರೆಗಳು ಬರುತ್ತವೆ.

ಪ್ರಮಾಣೀಕೃತ ಕೇಬಲ್‌ಗೆ ಬದಲಾಯಿಸಿ ಈ ಸಮಸ್ಯೆ ಪರಿಹರಿಸಿಕೊಂಡವರು ಯಾರಾದರೂ ಇದ್ದೀರಾ? ಹಳೆಯ ಕೇಬಲ್‌ನ ಆ ಪಿನ್ನನ್ನು ಮಲ್ಟಿಮೀಟರ್‌ನಲ್ಲಿ ಸುರಕ್ಷಿತವಾಗಿ ಪರೀಕ್ಷಿಸುವ ಕ್ರಮ ತಿಳಿದವರು ದಯವಿಟ್ಟು ವಿವರಿಸಿ. ಸ್ಲೀಪನ್ನೇ ಆಫ್ ಮಾಡುವುದು ನನಗೆ ಒಪ್ಪಿಗೆಯಿಲ್ಲ, ವ್ಯರ್ಥವಾಗುವ ವಿದ್ಯುತ್ತಿನ ಚಿಂತೆ ನನಗಿದೆ.