ಅಪ್‌ಡೇಟ್: ನಮ್ಮೂರ ಶಾಲೆಗೆ ಕೊನೆಗೂ ಹೊಸ ಎಸ್‌ಡಿಎಂಸಿ

ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅವಧಿ ಮುಗಿದರೂ ಪೋಷಕರ ಸಭೆ ಕರೆಯುತ್ತಿಲ್ಲ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಆರ್‌ಟಿಐ (ಮಾಹಿತಿ ಹಕ್ಕು ಅರ್ಜಿ) ಹಾಕಿ ಎಂದವರಿಗೆ ತುಂಬಾ ಥ್ಯಾಂಕ್ಸ್.

10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ನಡಾವಳಿ ಪುಸ್ತಕ (ಸಮಿತಿ ಸಭೆಗಳ ನಿರ್ಣಯ ಬರೆದಿಡುವ ಪುಸ್ತಕ) ಮತ್ತು ಅನುದಾನದ ಲೆಕ್ಕದ ಪ್ರತಿ ಕೇಳಿದೆ. 30 ದಿನದ ಗಡುವು ಮುಗಿಯುವ ಮೊದಲೇ ಸಭೆಯ ನೋಟಿಸ್ ಬಂತು!

ಸಭೆಯಲ್ಲಿ ಮೊದಲೇ ಬರೆದಿಟ್ಟ ಹೆಸರುಗಳನ್ನು ಓದಿ ಮುಗಿಸಲು ನೋಡಿದರು. ನಾವು ಬಿಡಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಜೋರಾಗಿ ಓದಿದೆ. ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅಲ್ಲಿವರೆಗೆ ಸುಮ್ನೆ ಕೂತಿದ್ದ ಅಮ್ಮಂದಿರು ಒಬ್ಬೊಬ್ಬರಾಗಿ ಹೆಸರು ಕೊಟ್ಟರು. ಈಗ ಅಧ್ಯಕ್ಷರೂ ಒಬ್ಬ ತಾಯಿಯೇ. ನನಗಂತೂ ಕಣ್ಣು ತುಂಬಿತು.

ನಡಾವಳಿ ಪುಸ್ತಕ ಸಿಕ್ಕಿತು. ಪುಟದ ಕೆಳಗೆ ಸಾಲಾಗಿ ಸಹಿಗಳು, ಮೇಲೆ ನಿರ್ಣಯ ಬರೆಯುವ ಜಾಗ ಪೂರ್ತಿ ಖಾಲಿ. ಬೇಜಾರಾಯಿತು. ಅಧ್ಯಕ್ಷರು, ಮುಖ್ಯ ಶಿಕ್ಷಕರ ಜಂಟಿ ಖಾತೆಯಿಂದ ದುಡ್ಡು ಯಾವುದಕ್ಕೆ ಹೋಯಿತು ಅಂತ ಪೋಷಕರಿಗೆ ಗೊತ್ತಾಗಬೇಕಲ್ವಾ?

ಲೆಕ್ಕದ ಪ್ರತಿ ಮಾತ್ರ ಇನ್ನೂ ಕೊಟ್ಟಿಲ್ಲ. ಅದಕ್ಕೆ ಮಾಹಿತಿ ಹಕ್ಕಿನಡಿ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಬರೆಯುತ್ತಿದ್ದೇನೆ. ಮಾದರಿ ಇದ್ದವರು ದಯವಿಟ್ಟು ಕಳಿಸಿ.