ಹುಡುಗಿಯರ ಆಟೋಟ: ಕ್ರೀಡಾ ವೈದ್ಯೆಗೆ ನಿಮ್ಮ ಪ್ರಶ್ನೆ

ಪೋಷಕಿ, ಶಿರಸಿ: ಡಾಕ್ಟ್ರೇ ನಮಸ್ಕಾರ. ಮಗಳಿಗೆ ತಾಲ್ಲೂಕು ಮಟ್ಟದ ಖೋ-ಖೋ ಇರೋ ದಿನವೇ ಮುಟ್ಟು ಬರೋ ಹಾಗಿದೆ. ಮುಂದಕ್ಕೆ ಹಾಕೋ ಮಾತ್ರೆ ಕೊಡಬಹುದಾ?

ಡಾಕ್ಟರ್: ನಮಸ್ತೆ. ಮುಟ್ಟಾದರೂ ಆಡಬಹುದಮ್ಮ. ಆಟಕ್ಕೆ ಮುಂಚೆ ಪ್ಯಾಡ್ ಬದಲಿಸಿ, ಒಳಗೆ ಬಿಗಿ ಶಾರ್ಟ್ಸ್ ಹಾಕಲಿ. ಮಾತ್ರೆ ಬೇಕೇ ಬೇಕೆಂದರೆ ವೈದ್ಯರು ನೋಡಿ ಬರೆಯಬೇಕು, ಮೆಡಿಕಲ್‌ನಲ್ಲಿ ಕೇಳಿ ತರೋದಲ್ಲ.

ಪೋಷಕ, ತುಮಕೂರು: ಹುರಿಗಡಲೆ ಪುಡಿ ಖಾಲಿ ಹೊಟ್ಟೆಗೆ ಮೂರು ದಿನ ಕುಡಿದರೆ ಮುಂದೆ ಹೋಗುತ್ತಂತೆ. ಫಾರ್ವರ್ಡ್ ಬಂದಿತ್ತು.

ಡಾಕ್ಟರ್: ಹೋಗಲ್ಲ. ಚಟ್ನಿಗೆ ಇಟ್ಟುಕೊಳ್ಳಿ.

ಪಿ.ಇ. ಟೀಚರ್, ಹಾವೇರಿ: 1500 ಮೀಟರ್ ಓಡೋ ಹುಡುಗಿ, 15 ವರ್ಷ. ನಾಲ್ಕು ತಿಂಗಳಿಂದ ಮುಟ್ಟಿಲ್ಲ. ಮೊಣಕಾಲ ಕೆಳಗೆ ಮೂಳೆ ನೋವು, ಎಕ್ಸ್‌ರೇ ನಾರ್ಮಲ್. ಕೋಚ್ "ಮುಟ್ಟು ನಿಂತರೆ ಒಳ್ಳೇದೇ, ರಜೆ ಕೇಳಲ್ಲ. ಇನ್ನೆರಡು ಕೆಜಿ ಇಳಿಸು" ಅಂತಾರೆ.

ಡಾಕ್ಟರ್: ಇವತ್ತೇ ಓಟ ನಿಲ್ಲಿಸಿ. ಓಡೋದಕ್ಕೆ ತಕ್ಕಷ್ಟು ಊಟ ಬೀಳದಿದ್ದರೆ ದೇಹ ಮೊದಲು ಮುಟ್ಟನ್ನು ಕೈಬಿಡುತ್ತೆ. ಮೂಳೆ ಕಾಯೋ ಹಾರ್ಮೋನ್ ಈಸ್ಟ್ರೋಜನ್ ಇಳಿಯುತ್ತೆ, ಮೂಳೆ ಸೊರಗುತ್ತೆ. ಮೂರು ತಿಂಗಳು ತಪ್ಪಿದರೇ ವೈದ್ಯರ ಹತ್ತಿರ ಹೋಗಬೇಕಿತ್ತು. ಹುಡುಗರಿಗೂ ಇದೇ ಆಗುತ್ತೆ, ಆದರೆ ಅವರಲ್ಲಿ ತಿಂಗಳು ತಿಂಗಳು ತೋರೋ ಗುರುತಿಲ್ಲ. ಇವಳಲ್ಲಿ ಗುರುತಿತ್ತು, ಕೋಚ್ ಅದನ್ನು ಹಾಜರಿ ಲೆಕ್ಕಕ್ಕೆ ಹಾಕಿಕೊಂಡರು.

ಮೂಳೆ ಉದ್ದಕ್ಕೂ ಬೆರಳ ತುದಿಯಿಂದ ಒತ್ತಿ ನೋಡಿ. ಒಂದು ಗೇಣು ಪೂರ್ತಿ ನೊಂದರೆ ಬರಿ ಊತ ಇರಬಹುದು. ನಾಣ್ಯದಷ್ಟು ಜಾಗದಲ್ಲೇ ಚುಳ್ ಅಂದರೆ ಕೂದಲೆಳೆ ಬಿರುಕಿನ ಅನುಮಾನ. ಮೊದಲ 2–3 ವಾರ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು, ಎಂಆರ್‌ಐ ಬೇಕು. ಒಂಟಿ ಕಾಲಲ್ಲಿ ಕುಪ್ಪಳಿಸಿ ಪರೀಕ್ಷೆ ಮಾಡಬೇಡಿ. ಬಿರುಕಿದ್ದರೆ ಸಾಮಾನ್ಯವಾಗಿ 6–8 ವಾರ ಓಟವಿಲ್ಲ; ಬಿರುಕು ಮೂಳೆಯ ಮುಂದಿನ ಅಂಚಿನಲ್ಲಿದ್ದರೆ ತಿಂಗಳುಗಟ್ಟಲೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನ್, ಫೆರಿಟಿನ್ (ಕಬ್ಬಿಣಾಂಶದ ದಾಸ್ತಾನು), ವಿಟಮಿನ್ ಡಿ ಪರೀಕ್ಷೆ ಆಗಲಿ. ಬರಿ ಹಾರ್ಮೋನ್ ಮಾತ್ರೆ ಕೊಟ್ಟು ಮುಟ್ಟು ತರಿಸಿದರೆ ಮೂಳೆ ಸರಿಹೋಗಲ್ಲ, ಕಾಯಿಲೆ ಮುಚ್ಚಿಹೋಗುತ್ತೆ. ಬೆಳಿಗ್ಗೆ ಅಭ್ಯಾಸಕ್ಕೆ ಮುಂಚೆ ಬಾಳೆಹಣ್ಣು, ಮುಗಿದ ಅರ್ಧ ಗಂಟೆಯೊಳಗೆ ಮೊಟ್ಟೆ ಅಥವಾ ಹಾಲು-ಚಿಕ್ಕಿ, ಆಮೇಲೆ ತಿಂಡಿ. ತೂಕ ಇಳಿಸೋ ಮಾತೇ ಬೇಡ.

ಪೋಷಕಿ, ಕೋಲಾರ: ಮಗಳ ಎಚ್‌ಬಿ (ಹಿಮೋಗ್ಲೋಬಿನ್) 10.2. ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ, ಬೀಟ್‌ರೂಟ್ ಜ್ಯೂಸ್ ಸಾಕಾ?

ಡಾಕ್ಟರ್: ಸಾಲದು. 12ರ ಕೆಳಗೆ ರಕ್ತಹೀನತೆ. ನೀಲಿ ಮಾತ್ರೆ ಇರೋದು ತಡೆಗೆ, ಚಿಕಿತ್ಸೆಗೆ ಪಿಎಚ್‌ಸಿಗೆ ಹೋಗಿ. ಮಾತ್ರೆ ಜೊತೆ ಟೀ ಬೇಡ. ಬೀಟ್‌ರೂಟಿನ ಕೆಂಪು ಬರಿ ಬಣ್ಣ.

ಪೋಷಕ, ಮದ್ದೂರು: ಸಿಂಥೆಟಿಕ್ ಟ್ರ್ಯಾಕ್‌ಗೆ ಸ್ಪೈಕ್ ಎಷ್ಟು ಎಂಎಂ ಮೇಡಂ?

ಪೋಷಕಿ, ಗದಗ: ಮುಟ್ಟಿನ ದಿನ ಓಡಬಹುದಾ?

ಡಾಕ್ಟರ್: ಮೇಲೆ ಓದಿ.

ಪಿ.ಇ. ಮೇಷ್ಟ್ರು, ಹಾಸನ: ಇದಕ್ಕೇ ನಾನು ಹೇಳೋದು, ಹುಡುಗಿಯರಿಗೆ ಥ್ರೋಬಾಲ್ ಸಾಕು.

ಪಿ.ಇ. ಟೀಚರ್, ಬಂಟ್ವಾಳ: ಸಾರ್, ನಿಮ್ಮ ಶಾಲೇಲಿ ಕಬಡ್ಡಿ ಅಂಕಣ ಒಂದೇ, ಗಂಡಸರ ಅಳತೆ 13×10 ಮೀಟರ್, ಅಲ್ವಾ? ಹುಡುಗಿಯರದ್ದು 12×8. ಮಧ್ಯಗೆರೆಯಿಂದ ಬಾಕ್ ಲೈನ್ (ರೈಡ್ ಹೋದವರು ದಾಟಲೇಬೇಕಾದ ಗೆರೆ) ಗಂಡಸರಿಗೆ 3.75 ಮೀಟರ್, ಹೆಂಗಸರಿಗೆ 3. ದೊಡ್ಡದರಲ್ಲಿ ಕಲಿತವಳ ಹೆಜ್ಜೆ ಲೆಕ್ಕ ಪಂದ್ಯದ ದಿನ ತಪ್ಪುತ್ತೆ. ಅದೇ ಮಧ್ಯಗೆರೆ ಇಟ್ಟುಕೊಂಡು ಒಳಗೆ ಇನ್ನೊಂದು ಬಣ್ಣದಲ್ಲಿ ಎಳೀರಿ.

ಹಾಸನ: ಸುಣ್ಣಕ್ಕೇ ದುಡ್ಡಿಲ್ಲ, ಬಣ್ಣ ಬೇರೆ!

ಬಂಟ್ವಾಳ: ಕ್ರಿಕೆಟ್ ಮ್ಯಾಟ್‌ಗೆ ಇತ್ತಲ್ಲ.

ಹಾಸನ: ನಮ್ಮ ಶಾಲೆ ಲೆಕ್ಕ ಕೇಳೋಕೆ ನೀವ್ಯಾರು?

ಹಾವೇರಿ: ಮೇಡಂ, ಒತ್ತಿ ನೋಡಿದೆ. ನಾಣ್ಯದಷ್ಟೇ ಜಾಗ. ಕಾಲು ಎಳೆದುಕೊಂಡಳು.

ಡಾಕ್ಟರ್: ಎಂಆರ್‌ಐ ಮಾಡಿಸಿ, ಈ ವಾರವೇ. ಕೋಚ್ ನನಗೆ ಫೋನ್ ಮಾಡಲಿ.

ತುಮಕೂರು: ಮೂಳೆಗೆ ಹರಳೆಣ್ಣೆ ಕಾಯಿಸಿ ಸವರಿದರೆ…

ಡಾಕ್ಟರ್: ನೀವು ಸುಮ್ಮನಿರಿ.

ಮದ್ದೂರು: ಸ್ಪೈಕ್ ಎಷ್ಟು ಎಂಎಂ ಅಂತ ಕೇಳಿದ್ದೆ.