ಉಗಾಂಡದ ಹಳ್ಳಿಗೆ ನೀರು: ಹೊಸ ಬೋರ್‌ವೆಲ್ಲೋ, ಹಳೇ ಕೈಪಂಪಿನ ರಿಪೇರಿಯೋ?

ಪ್ರಶ್ನೆ: ಕಂಪಾಲದ ನಮ್ಮ ಕನ್ನಡಿಗರ ಬಳಗ ಉತ್ತರ ಉಗಾಂಡದ ಒಂದು ಹಳ್ಳಿಗೆ ನೀರು ಕೊಡಿಸಲು ದುಡ್ಡು ಕೂಡಿಸಿದೆ. ಊರಿನ ಕೈಪಂಪನ್ನು ಜನ ಬಿಟ್ಟೇಬಿಟ್ಟಿದ್ದಾರೆ, ಹಳ್ಳದ ನೀರೇ ಗತಿ. ಹೊಸ ಬೋರ್ ಕೊರೆಸೋಣವೇ? ಬಲ್ಲವರು ತಿಳಿಸಿ.

ಉತ್ತರ 1: ಕೊರೆಸುವ ಮಾತು ಆಮೇಲೆ. ಅಲ್ಲಿರುವುದು ಬಹುಶಃ ಯು2 ಪಂಪು, ಅಂದರೆ ನಮ್ಮ ಹಳ್ಳಿಗಳಲ್ಲಿರುವ ಇಂಡಿಯಾ ಮಾರ್ಕ್ 2. 1970ರ ದಶಕದಲ್ಲಿ ಸೊಲ್ಲಾಪುರ ಪಂಪಿನಿಂದ ಬೆಳೆದದ್ದು, ಪೇಟೆಂಟ್ ಇಲ್ಲ, ಬಿಡಿಭಾಗ ಕಂಪಾಲದಲ್ಲೇ ಸಿಗುತ್ತದೆ.

ಮೊದಲು ಹಿಡಿ ಒತ್ತಿ ನೋಡಿ. ಹಗುರವಾಗಿ ಆಡಿ ಹನಿ ನೀರೂ ಬರದಿದ್ದರೆ ಒಳಗೆ ರಾಡ್ ತುಂಡಾಗಿರಬೇಕು, ಇಲ್ಲವೇ ಕಳಚಿರಬೇಕು. ಅಕ್ಕಪಕ್ಕ ಅಲ್ಲಾಡಿದರೆ ಬೇರಿಂಗ್ ಸವೆದಿದೆ. ನೀರು ಬರುತ್ತಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ಒತ್ತಿ. ಐದು ಸಲಕ್ಕಿಂತ ಹೆಚ್ಚು ಒತ್ತಿದ ಮೇಲೆ ನೀರು ಬಂದರೆ ಅಡಿ ವಾಲ್ವ್ ಅಥವಾ ಪೈಪ್ ಜಾಯಿಂಟ್ ಸೋರುತ್ತಿದೆ. ಆಮೇಲೆ ಒಂದು ನಿಮಿಷದಲ್ಲಿ 40 ಸಲ ಪೂರ್ತಿ ಒತ್ತಿ, ಬಕೆಟ್ಟಿಗೆ ಬಿದ್ದದ್ದನ್ನು ಅಳೆಯಿರಿ. 10 ಲೀಟರಿಗಿಂತ ಕಡಿಮೆಯಾದರೆ ಕಪ್ ವಾಷರ್ (ಒಳಗೆ ನೀರೆತ್ತುವ ಬಟ್ಟಲಾಕಾರದ ಬಿಲ್ಲೆ) ಬದಲಿಸಿ. ಇದು ಅಗ್ಗದ ಕೆಲಸ.

ಉತ್ತರ 2: ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಪಂಪು ಕೆಡದಿದ್ದರೂ ಜನ ಬಿಟ್ಟಿದ್ದರೆ, ನೀರು ಕೆಂಪಗಿತ್ತೇ ಅಂತ ಅಲ್ಲಿನ ಹೆಂಗಸರನ್ನೇ ಕೇಳಿ. ಬಟ್ಟೆಗೆ ಕಲೆ, ಬಾಯಿಗೆ ಕಬ್ಬಿಣದ ರುಚಿ. ಬೆಳಗಿನ ಮೊದಲ ಕ್ಯಾನಿನ ನೀರು ಕೆಂಪಗಿದ್ದು, ಒತ್ತುತ್ತಾ ಹೋದಂತೆ ತಿಳಿಯಾದರೆ ತಪ್ಪು ನೆಲದ್ದಲ್ಲ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನದು. ನೀರಿನ ಪಿಎಚ್ (ಹುಳಿತನದ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 6.5ಕ್ಕಿಂತ ಕೆಳಗಿದ್ದರೆ ಸತುವಿನ ಲೇಪ ಬೇಗ ಕರಗಿ ಪೈಪ್ ತುಕ್ಕು ತಿನ್ನುತ್ತದೆ. ಅಂಥ ಕಡೆ ಮತ್ತೆ ಜಿಐ ಹಾಕಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೇ. 304 ದರ್ಜೆಯ ಸ್ಟೇನ್‌ಲೆಸ್ ಪೈಪು, ರಾಡು ಎರಡೂ ಹಾಕಿಸಿ. ಉಪ್ಪು ನೀರಾದರೆ 316. ಅಯಸ್ಕಾಂತ ಅಂಟಲಿಲ್ಲ ಎಂದು ನಂಬಬೇಡಿ, ಕೀಳು ದರ್ಜೆಯ 202ಕ್ಕೂ ಅದು ಅಂಟುವುದಿಲ್ಲ. ಕಾರ್ಖಾನೆಯ ಪರೀಕ್ಷಾ ಪತ್ರ ಕೇಳಿ ಪಡೆಯಿರಿ. ಎಷ್ಟು ಒತ್ತಿದರೂ ಕೆಂಪು ಹೋಗದಿದ್ದರೆ ಮಾತ್ರ ಬೇರೆ ಜಾಗ ಹುಡುಕುವ ಮಾತು.

ಉತ್ತರ 3: ಪೈಪ್ ಮೇಲೆತ್ತುವ ಕೆಲಸಕ್ಕೆ ಸ್ವಯಂಸೇವಕರು ಕೈ ಹಾಕಬೇಡಿ. 3 ಮೀಟರಿನ ಜಿಐ ಪೈಪ್ ಒಂದೇ ಸುಮಾರು 10 ಕಿಲೋ. 30 ಮೀಟರ್ ಆಳಕ್ಕೆ ಹತ್ತು ಪೈಪು, ಜೊತೆಗೆ ರಾಡು, ಒಳಗಿನ ನೀರು, ಒಟ್ಟು 150 ಕಿಲೋ ದಾಟುತ್ತದೆ. ಕ್ಲಾಂಪ್ ಜಾರಿದರೆ ಎಲ್ಲವೂ ಬೋರಿನೊಳಗೆ. ಸಬ್‌ಕೌಂಟಿಯ (ಜಿಲ್ಲೆಯೊಳಗಿನ ಸಣ್ಣ ಆಡಳಿತ ವಿಭಾಗ) ಹ್ಯಾಂಡ್‌ಪಂಪ್ ಮೆಕ್ಯಾನಿಕ್‌ನನ್ನೇ ಕರೆಸಿ, ಕೂಲಿಯನ್ನು ಮೇಲಿನ 40 ಒತ್ತಿನ ಪರೀಕ್ಷೆ ಆದ ಮೇಲೆ ಕೊಡಿ.

ಮುಗಿದ ಮೇಲೆ ಕ್ಲೋರಿನ್ ಹಾಕಿಸುವುದನ್ನು ಬಹಳ ಜನ ಮರೆಯುತ್ತಾರೆ. 125 ಮಿಮೀ ಬೋರಿನಲ್ಲಿ 30 ಮೀಟರ್ ನೀರು ನಿಂತಿದ್ದರೆ ಸುಮಾರು 370 ಲೀಟರ್. 70% ಕ್ಲೋರಿನ್ ಇರುವ ಪುಡಿ 27 ಗ್ರಾಂ ಬಕೆಟ್ಟಿನಲ್ಲಿ ಕರಗಿಸಿ ಸುರಿದರೆ ಲೀಟರಿಗೆ 50 ಮಿಲಿಗ್ರಾಂ ಆಗುತ್ತದೆ. ರಾತ್ರಿಯಿಡೀ ಹಿಡಿ ಕಟ್ಟಿಹಾಕಿ, ಮರುದಿನ ವಾಸನೆ ಹೋಗುವ ತನಕ ನೀರು ಒತ್ತಿ ಚೆಲ್ಲಿ.

ಉತ್ತರ 4: ದುಡ್ಡಿನ ಮಾತು. ಎಲ್ಲವನ್ನೂ ಒಂದೇ ರಿಪೇರಿಗೆ ಸುರಿಯಬೇಡಿ. ಊರಿನ ನೀರು ಸಮಿತಿ ಇದೆಯೇ ನೋಡಿ, ಇಲ್ಲದಿದ್ದರೆ ಜಿಲ್ಲಾ ನೀರಿನ ಅಧಿಕಾರಿಯನ್ನು ಕಂಡು ಸಮಿತಿ ಕಟ್ಟಿಸಿ. ಖಜಾಂಚಿ ಹೆಂಗಸಾಗಿದ್ದರೆ ಒಳ್ಳೆಯದು, ನೀರು ಹೊರುವವರು ಅವರೇ ತಾನೆ? ಮನೆವಾರು ವಂತಿಗೆ ಸುಗ್ಗಿಯಾದ ಮೇಲೆ ಎತ್ತಲಿ, ಆಗಲೇ ಜನರ ಕೈಯಲ್ಲಿ ಕಾಸು ಓಡಾಡುವುದು. ಸರ್ಕಾರದ ಲೆಕ್ಕ ಒಂದು ಬೋರಿಗೆ 300 ಜನ. ಪಂಪು ಸರಿಯಾದ ಮೇಲೂ ಇದಕ್ಕಿಂತ ತುಂಬ ಹೆಚ್ಚು ಜನ ಸಾಲು ನಿಲ್ಲುತ್ತಿದ್ದರೆ ಆಗ ಹೊಸ ಬೋರ್ ಕೊರೆಸಿ, ಜಮೀನಿನವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು.